ಶರೀಫರನ್ನ ಪೋಸ್ಟರ್ ಮಾಡಬೇಡಿ

ಇಂಜಿನಿಯರಿಂಗ್ ಓದುವಾಗ ನಾವು ಜಾಯ್ ಡಿವಿಷನ್ ಕೇಳಿ ಬಂಡಾಯಗಾರರಂತೆ ಬೀಗ್ತಿದ್ವಿ. 2008ರಲ್ಲಿ ರಘು ದೀಕ್ಷಿತ್ ಬ್ಯಾಂಡಿನ ಆಲ್ಬಮ್ ಬಂತು. ಅದರಲ್ಲಿದ್ದ ಗುಡಗುಡಿ ಹಾಡಿನ ಶಿಶುನಾಳ ಶರೀಫರು ಬ್ಯಾಡಗಿ, ರಾಣೆಬೆನ್ನೂರು ಇರೋ ಹಾವೇರಿ ಜಿಲ್ಲೆಯವರೇ ಅಂತ ಆಮೇಲೆ ಹೊಳೀತು.

1819ರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಮಾಸ್ತರಿಕೆ ಮಾಡಿ ಬಿಟ್ಟರು. ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ, ಊರವರು ಸಿಟ್ಟಾದರಂತೆ. ಭಟ್ಟರು ಶಿಷ್ಯನಿಗೆ ಜನಿವಾರವನ್ನೇ ಹಾಕಿದರು ಅನ್ನೋ ಕತೆ ಆ ಕಡೆ ಇನ್ನೂ ಓಡಾಡುತ್ತೆ. (ಇವತ್ತಾಗಿದ್ರೆ ಎಷ್ಟು ಎಫ್‌ಐಆರ್ ಬೀಳ್ತಿದ್ವೋ!)

ಶರೀಫರು ಉಪದೇಶಕ್ಕೆ ಕೂರಲಿಲ್ಲ. ಕೋಳಿ, ಕೋಡಗ, ಸೋರುವ ಮಾಳಿಗೆ ಇವನ್ನೇ ಹಿಡಿದು ಹಾಡು ಕಟ್ಟಿದರು. ಕೇಳಿದರೆ ಮೊದಲು ನಗು ಬರುತ್ತೆ, ಮನೆಗೆ ಹೋದ ಮೇಲೆ ಚುಚ್ಚುತ್ತೆ. ಹಾಡುಗಳು ಬಾಯಿಂದ ಬಾಯಿಗೆ ಉಳಿದವು. 1990ರ ನಾಗಾಭರಣರ ಸಿನಿಮಾ, ಸಿ. ಅಶ್ವಥ್ ಸಂಗೀತ ಅವನ್ನು ಮನೆಮನೆಗೆ ಮುಟ್ಟಿಸಿದವು. ಗಿಟಾರ್ ಬಂದದ್ದು ಅದರ ನಂತರ.

ನಮ್ಮ ವೇದಿಕೆಗಳು ಮಾತ್ರ ಅವರನ್ನ ಭಾವೈಕ್ಯದ ಪೋಸ್ಟರ್ ಮಾಡಿ, ಮೊನಚನ್ನೆಲ್ಲ ತೆಗೆದುಹಾಕಿವೆ. ಪಾಪ, ಜಯಂತಿ ಭಾಷಣಕ್ಕೆ ಅಷ್ಟೇ ಸಾಕು.

1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಧರ್ಮದ ಸಂಸ್ಕಾರ ನಡೆದವಂತೆ. ಶಿಶುನಾಳದ ಗದ್ದುಗೆಗೆ ಈಗಲೂ ಇಬ್ಬರೂ ನಡ್ಕೋತಾರೆ.