ನೇಗಿಲಿನಿಂದ ಎಂಜಿನ್ನಿಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ರಬಕವಿ: ವಿದ್ಯುತ್ ಬರುವ ಮುನ್ನ ಕೃಷ್ಣಾ ತೀರದ ಹೊಲಗಳಿಗೆ ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ನುಗಳಲ್ಲಿ ಕಿರ್ಲೋಸ್ಕರ್ ಹೆಸರು ಮನೆಮಾತಾಗಿತ್ತು. ಸವೆದ ಪಿಸ್ಟನ್ ರಿಂಗು, ಲೈನರುಗಳನ್ನು ಬಾವಿಯ ದಂಡೆಯಲ್ಲೇ ಬಿಚ್ಚಿ ಬದಲಿಸಿಕೊಳ್ಳುವಷ್ಟು ಆ ಯಂತ್ರ ರೈತನಿಗೆ ಹತ್ತಿರವಾಗಿತ್ತು.

ಈ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಾರರಾಗಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದ ಅವರಿಗೆ ಬಣ್ಣಗಳ ಭೇದ ಪೂರ್ತಿ ತಿಳಿಯದ ದೃಷ್ಟಿದೋಷ ಅಡ್ಡಿಯಾಯಿತು. ಯಂತ್ರಚಿತ್ರ ರಚನೆ ಕಲಿತು ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾದರು. ಯಂತ್ರಗಳೊಡನೆ ಪಳಗಿದ ಕೈಯೇ ಅವರ ನಿಜವಾದ ಪದವಿ ಎನ್ನಬಹುದು. ನ್ಯಾಯವಾಗಿ ಬರಬೇಕಿದ್ದ ಬಡ್ತಿ ಕೈತಪ್ಪಿದಾಗ ನೌಕರಿ ತೊರೆದು, ಸೋದರ ನಡೆಸುತ್ತಿದ್ದ ಬೆಳಗಾವಿಯ ಸೈಕಲ್ ಅಂಗಡಿಗೆ ಬಂದು ನಿಂತರು.

1903ರಲ್ಲಿ ತಯಾರಾದ ಅವರ ಕಬ್ಬಿಣದ ನೇಗಿಲನ್ನು ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ಭಯ ರೈತರದು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಬೆಳಗಾವಿಯ ಕಾರ್ಖಾನೆಯ ಜಾಗವೂ ಕೈಬಿಟ್ಟಿತು. ಆಗ ಆಸರೆಯಾದವರು ಔಂಧ್ ಸಂಸ್ಥಾನದ ಅರಸರು; ಅವರಿತ್ತ ಬರಡು ನೆಲದಲ್ಲಿ, ಪಾಪಾಸುಕಳ್ಳಿಯ ನಡುವೆ, 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪೆನಿ ಸ್ಥಾಪನೆಗೊಂಡವು. ಇವೆರಡನ್ನೂ ಕಣ್ಣಾರೆ ಕಂಡ ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನ ಹೊಂದಿದರು.