ಅಶೋಕ ಚಕ್ರವರ್ತಿಯೂ ಆತನ ಗಿಡಮೂಲಿಕೆಗಳೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಸಿದ್ದಾಪುರಕ್ಕೆ ಸಮೀಪವಾಗಿ ಬ್ರಹ್ಮಗಿರಿಯೆಂಬ ಬೆಟ್ಟವಿರುವುದು. ಅಲ್ಲಿಯ ಬಂಡೆಯೊಂದರ ಮೇಲಿನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್‌ರವರು ಕಂಡುಹಿಡಿದರು. ಅದರಲ್ಲಿ ಅರಸನ ಹೆಸರಿಲ್ಲ. ದೇವಾನಾಂಪ್ರಿಯನೆಂಬ ಬಿರುದು ಮಾತ್ರವುಂಟು. 1915ರಲ್ಲಿ ಮಸ್ಕಿಯ ಶಾಸನವು ದೊರೆತ ಮೇಲೆ ಆ ಬಿರುದು ಅಶೋಕನದೇ ಎಂಬುದು ಸ್ಥಿರಪಟ್ಟಿತು. ಆತನ ಯುದ್ಧವನ್ನು ಕುರಿತು ನಮ್ಮ ವಾಚಕಿಯರು ಪಾಠಪುಸ್ತಕಗಳಲ್ಲಿ ಓದಿಯೇ ಇರುವರು. ಆದಕಾರಣ ನಾವು ಆತನ ಗಿಡಗಳನ್ನು ಕುರಿತು ತುಸು ಹೆಚ್ಚಾಗಿ ಹೇಳುವೆವು.

ಅಶೋಕನು ಚಂದ್ರಗುಪ್ತ ಮೌರ್ಯನ ಮೊಮ್ಮಗನು, ಬಿಂದುಸಾರನ ಮಗನು. ಪಶ್ಚಿಮದ ಅರಸರೊಡನೆ ಸ್ನೇಹವು ಆ ಮನೆತನಕ್ಕೆ ಹೊಸದಲ್ಲ. ಬಿಂದುಸಾರನು ಸಿರಿಯದ ಅರಸನಾದ ಅಂತಿಯೋಕನಿಗೆ ಹೇಳಿಕಳುಹಿಸಿ, ಒಣ ಅಂಜೂರದ ಹಣ್ಣುಗಳನ್ನೂ ಸಿಹಿಯಾದ ದ್ರಾಕ್ಷಾರಸವನ್ನೂ ಒಬ್ಬ ತತ್ತ್ವಜ್ಞಾನಿಯನ್ನೂ ಕೊಂಡು ಕಳುಹಿಸಬೇಕೆಂದು ಕೇಳಿದನಂತೆ. ಮೊದಲಿನ ಎರಡನ್ನು ಕಳುಹಿಸುವುದಾಗಿಯೂ, ತತ್ತ್ವಜ್ಞಾನಿಗಳನ್ನು ಮಾರುವುದು ಗ್ರೀಕರಲ್ಲಿ ಧರ್ಮವಲ್ಲವೆಂದೂ ಉತ್ತರ ಬಂದಿತೆಂದು ಗ್ರೀಕ ಗ್ರಂಥಕರ್ತರು ಬರೆದಿದ್ದಾರೆ. ಅದಕ್ಕೂ ಮುಂಚೆ ಅಲೆಗ್ಜಾಂಡರನ ದಂಡಿನವರು ಕಂಡು ಹೇಳಿದ ನಮ್ಮ ಆಲದ ಮರವನ್ನೂ ಹತ್ತಿಯ ಗಿಡವನ್ನೂ ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನು ತನ್ನ ಸಸ್ಯಗ್ರಂಥದಲ್ಲಿ ವರ್ಣಿಸಿದ್ದನು.

ಅಶೋಕನಿಗೆ ಸುಮಾರು ಕ್ರಿ. ಪೂ. 268ರಲ್ಲಿ ಪಟ್ಟಾಭಿಷೇಕವಾಯಿತು. ಎಂಟು ವರ್ಷಗಳಾದ ಮೇಲೆ ಕಳಿಂಗವನ್ನು ಜಯಿಸಿದನು. ಸತ್ತವರು ಒಂದು ಲಕ್ಷ, ಸೆರೆಯಾಗಿ ಒಯ್ಯಲ್ಪಟ್ಟವರು ಒಂದೂವರೆ ಲಕ್ಷವೆಂದು ತಾನೇ ಬಂಡೆಯ ಮೇಲೆ ಕೆತ್ತಿಸಿದನು. ಗೆದ್ದ ಅರಸನು ತನ್ನ ಗೆಲುವಿಗಾಗಿ ಬಹಿರಂಗವಾಗಿ ದುಃಖಪಟ್ಟ ಇಂಥ ನಿದರ್ಶನವು ಚರಿತ್ರೆಯಲ್ಲಿ ಬಹು ವಿರಳ.

ಆ ಬಳಿಕ ಆತನು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದನು. ಔಷಧಿಯ ಗಿಡಗಳೂ ಬೇರುಗಳೂ ಹಣ್ಣುಗಳೂ ಇಲ್ಲದ ಸ್ಥಳಗಳಿಗೆ ಅವುಗಳನ್ನು ತರಿಸಿ ನೆಡಿಸಿದನು. ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ಹಾಕಿಸಿದನು. ತನ್ನ ರಾಜ್ಯದಲ್ಲಿ ಮಾತ್ರವಲ್ಲ, ಚೋಳ ಪಾಂಡ್ಯರ ಸೀಮೆಗಳಲ್ಲಿಯೂ, ಯವನ ರಾಜನಾದ ಎರಡನೆಯ ಅಂತಿಯೋಕನ ಮತ್ತು ಅವನ ನೆರೆಯ ಅರಸರ ದೇಶಗಳಲ್ಲಿಯೂ ಹೀಗೆ ಮಾಡಿಸಿದುದಾಗಿ ಶಾಸನವು ತಿಳಿಸುವುದು. ಗ್ರೀಕರು ಈ ವಿಷಯದಲ್ಲಿ ಮೌನವಾಗಿದ್ದಾರೆ. ಅರಸರ ಮಾತಿನಲ್ಲಿ ಅತಿಶಯವಿರಬಹುದು. ಆದರೂ ಕತ್ತಿಗೆ ಬದಲಾಗಿ ಬೇರುಗಳನ್ನು ಕಳುಹಿಸಬೇಕೆಂಬ ಯೋಚನೆಯೇ ದೊಡ್ಡದೆಂದು ನಮಗೆ ತೋರುತ್ತದೆ.

ಆತನು ಹೆಸರಿಸಿದ ಯವನರಲ್ಲಿ ಮಗನೆಂಬವನು ಆಫ್ರಿಕದ ಉತ್ತರ ತೀರದ ಕುರೇನೆಯ ಅರಸನಾದ ಮಾಗಸ್. ಆ ಪಟ್ಟಣದ ಐಶ್ವರ್ಯವೇ ಸಿಲ್ಫಿಯಂ ಎಂಬ ಒಂದು ಗಿಡವಾಗಿತ್ತು. ಅಡಿಗೆಗೂ ಔಷಧಕ್ಕೂ ಅದರ ಅಂಟನ್ನು ಬಳಸುತ್ತಿದ್ದರು. ನಾಣ್ಯಗಳ ಮೇಲೆಯೂ ಅದರ ಚಿತ್ರವನ್ನು ಒತ್ತುತ್ತಿದ್ದರು. ಕಾಲಕ್ರಮದಲ್ಲಿ ಅದು ನಶಿಸಿತು. ಕಡೆಗೆ ದೊರೆತ ಒಂದೇ ದಂಟನ್ನು ನೀರೋ ಚಕ್ರವರ್ತಿಗೆ ಕಳುಹಿಸಿದರೆಂದು ಪ್ಲಿನಿಯು ಬರೆದಿದ್ದಾನೆ. ಅದರ ಸ್ಥಾನಕ್ಕೆ ಬಂದುದು ನಮ್ಮ ತಾಯಂದಿರು ಸಾರಿಗೆ ಹಾಕುವ ಇಂಗು.

ಬ್ರಹ್ಮಗಿರಿಯ ಶಾಸನವು ಇಸಿಲದ ಮಹಾಮಾತ್ರರನ್ನು ಉದ್ದೇಶಿಸಿದುದು. ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂದೂ, ಪ್ರಾಣಿಗಳಲ್ಲಿ ದಯೆಯಿರಬೇಕೆಂದೂ, ಸತ್ಯವನ್ನಾಡಬೇಕೆಂದೂ, ಶಿಷ್ಯರು ಗುರುವನ್ನು ಗೌರವಿಸಬೇಕೆಂದೂ ಅದರಲ್ಲಿದೆ. ಬರೆದ ಚಪಡನೆಂಬ ಲಿಪಿಕಾರನು ತನ್ನ ಉದ್ಯೋಗದ ಹೆಸರನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ.

ಚಕ್ರವರ್ತಿಯು ಸುಮಾರು ಕ್ರಿ. ಪೂ. 232ರಲ್ಲಿ ತೀರಿಕೊಂಡನು. ಕೊನೆಯ ದಿನಗಳಲ್ಲಿ ಮಂತ್ರಿಗಳು ಆತನ ದಾನಗಳನ್ನು ತಡೆದುದರಿಂದ, ಕೈಯಲ್ಲಿ ಅರ್ಧ ನೆಲ್ಲಿಕಾಯಿ ಮಾತ್ರ ಉಳಿದಿತ್ತೆಂದು ಬೌದ್ಧರ ಕಥೆಯುಂಟು. ಅದನ್ನೂ ಆತನು ವಿಹಾರಕ್ಕೆ ಕಳುಹಿಸಿದನು. ಭಿಕ್ಷುಗಳು ಅದನ್ನು ಅರೆದು ಸಾರಿನಲ್ಲಿ ಬೆರಸಿ, ಎಲ್ಲರೂ ಹಂಚಿಕೊಂಡರಂತೆ.