ಕೀಲಿಮಣೆ ಮಕ್ಕಳ ಕೈಗೆ: ಜಾನ್ ಕೆಮೆನಿಯವರ ಬದುಕು ನನಗೆ ಕಲಿಸಿದ ಪಾಠ

ಕವಿತಾಳದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಮೂರನೆಯ ವಾರ. ಒಂಬತ್ತನೇ ತರಗತಿಗೆ ಕಂಪ್ಯೂಟರ್ ಪ್ರೋಗ್ರಾಂ ಎಂದರೇನು ಎಂಬುದನ್ನು ಪರಿಚಯಿಸುವ ಪಾಠ. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟ್ ಸಿದ್ಧವಿತ್ತು, ಪೀಠಿಕೆಯ ಪ್ರಶ್ನೆಗಳಿಗೆ ಮಕ್ಕಳು ಉತ್ತರವನ್ನೂ ಕೊಟ್ಟರು. ಆದರೂ ಪಾಠ ಬಿದ್ದುಹೋಯಿತು. ಪೂರ್ತಿ ಅವಧಿ ಕೀಲಿಮಣೆ ನನ್ನ ಕೈಯಲ್ಲೇ ಇತ್ತು. ನಾನು ಒತ್ತಿದೆ, ಮಕ್ಕಳು ನೋಡಿದರು. ಹಿಂದಿನ ಸಾಲಿನ ಹುಡುಗಿಯರಿಗೆ ಪರದೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ವೀಕ್ಷಣೆಗೆ ಬಂದಿದ್ದ ಗುರುಗಳು ಹೆಚ್ಚೇನೂ ಬರೆಯಲಿಲ್ಲ. ಪಾಠಯೋಜನೆಯಲ್ಲಿ ವಿದ್ಯಾರ್ಥಿ ಚಟುವಟಿಕೆ ಎಂಬ ಕಾಲಂ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಹೋದರು.

ಆ ಗೆರೆ ನನ್ನನ್ನು ಕಾಡಿತು. ಸಂಜೆ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತೆ. ಹತ್ತು ಯಂತ್ರಗಳಲ್ಲಿ ಆರು ನಡೆಯುತ್ತಿದ್ದವು, ಅವೂ ಹಳೆಯವು. ನಾನು ಪದವಿಯಲ್ಲಿ ಕಲಿತ ಹೊಸ ತಂತ್ರಾಂಶಗಳು ಅವುಗಳಲ್ಲಿ ಏರಲೇ ಇಲ್ಲ. ಹುಡುಕುತ್ತಾ ಹೋದಾಗ ಹಿಂದೆ ಯಾರೋ ಹಾಕಿಟ್ಟಿದ್ದ ವಿಷುವಲ್ ಬೇಸಿಕ್ 6 ಸಿಕ್ಕಿತು. 1998ರಲ್ಲಿ ಬಂದ ಭಾಷೆ. ಮೌಸ್‌ನಿಂದ ಒಂದು ಗುಂಡಿಯನ್ನು ಎಳೆದು ಪರದೆಯ ಮೇಲಿನ ಕಿಟಕಿಯಲ್ಲಿಟ್ಟೆ. ಅದರ ಹಿಂದೆ ಎರಡು ಸಾಲು ಬರೆದೆ. ಗುಂಡಿ ಒತ್ತಿದೊಡನೆ ಕೆಲಸ ಮಾಡಿತು! ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ, ಅದರಲ್ಲೇ ಇರುವ ವಿನ್‌ಸಾಕ್ ಎಂಬ ಉಪಕರಣ ಬಳಸಿ, ಒಂದರಿಂದ ಇನ್ನೊಂದಕ್ಕೆ ಸಂದೇಶವನ್ನೂ ಕಳಿಸಿದೆ. ಹಳತೆಂದು ಎಲ್ಲರೂ ಬಿಟ್ಟ ಭಾಷೆ ಇಷ್ಟು ಸುಲಭವಾಗಿರಲು ಕಾರಣವೇನು? ಅದರ ಬೇರು ಹುಡುಕಿದಾಗ ಸಿಕ್ಕವರು ಒಬ್ಬ ಗಣಿತದ ಮೇಷ್ಟ್ರು.

ಜಾನ್ ಜಾರ್ಜ್ ಕೆಮೆನಿಯವರು 1926ರ ಮೇ 31ರಂದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಹಿಟ್ಲರನ ನೆರಳು ಯುರೋಪಿನ ಮೇಲೆ ಕವಿಯುತ್ತಿದ್ದ ಕಾಲ. ತಂದೆ ಮೊದಲು ಅಮೆರಿಕಕ್ಕೆ ಹೋಗಿ, 1940ರಲ್ಲಿ ಕುಟುಂಬವನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಊರು ಬಿಡಲು ಒಪ್ಪದ ಅಜ್ಜ ಯಹೂದಿಗಳ ಹತ್ಯಾಕಾಂಡದಲ್ಲಿ ಜೀವ ಕಳೆದುಕೊಂಡರು. ಇಂಗ್ಲಿಷ್ ಸರಿಯಾಗಿ ಬಾರದೆ ಹೈಸ್ಕೂಲು ಸೇರಿದ ಹುಡುಗ ಕೆಲವೇ ವರ್ಷಗಳಲ್ಲಿ ತರಗತಿಗೆ ಮೊದಲಿಗನಾಗಿ ಹೊರಬಂದ. ಭಾಷೆ ಬಾರದವನಾಗಿ ತರಗತಿಯಲ್ಲಿ ಕೂರುವುದು ಏನೆಂದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು ಎಂಬುದನ್ನು ನಾವು ನೆನಪಿಡಬೇಕು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಅವರನ್ನು ಸೈನ್ಯಕ್ಕೆ ಸೇರಿಸಿಕೊಂಡು, 1945ರಲ್ಲಿ ಅಣುಬಾಂಬ್ ಯೋಜನೆಯ ಲಾಸ್ ಅಲಮೋಸ್‌ಗೆ ಕಳಿಸಲಾಯಿತು. ಅಲ್ಲಿ ಲೆಕ್ಕಪತ್ರದ ಯಂತ್ರಗಳಿಗೆ ರಂಧ್ರದ ಕಾರ್ಡುಗಳನ್ನು ಉಣಿಸಿ ಹಗಲಿರುಳು ಲೆಕ್ಕ ಮಾಡುವುದೇ ಕೆಲಸ. ತಾವು ವರ್ಷವಿಡೀ ಮಾಡಿದ ಆ ಲೆಕ್ಕವನ್ನು ತಮ್ಮ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲ ಎಂದು ಮುಂದೆ ಅವರು ಹೇಳಿಕೊಂಡದ್ದುಂಟು. ಯುದ್ಧದ ನಂತರ ಪ್ರಿನ್ಸ್‌ಟನ್‌ಗೆ ಮರಳಿ, ತರ್ಕಶಾಸ್ತ್ರಜ್ಞ ಅಲೋಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಪಿಎಚ್.ಡಿ. ಪಡೆದರು. ಆ ದಿನಗಳಲ್ಲೇ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಗಣಿತದ ಸಹಾಯಕರಾಗಿದ್ದರು.

ಇಂಥ ಪ್ರತಿಭಾವಂತರು 1953ರಲ್ಲಿ ಸೇರಿದ್ದು ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜನ್ನು. ಎರಡೇ ವರ್ಷದಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದುವವರು ಸುಮಾರು ಕಾಲು ಭಾಗ. ಉಳಿದವರೆಲ್ಲ ಸಾಹಿತ್ಯ, ಇತಿಹಾಸ, ಸಮಾಜವಿಜ್ಞಾನದವರು. ಗಣಿತ ತಮಗಲ್ಲ ಎಂದು ದೂರ ನಿಂತವರನ್ನು ಒಳಗೆ ಕರೆಯಬೇಕೆಂಬುದು ಕೆಮೆನಿಯವರ ಹಟ. ಸಮಾಜವಿಜ್ಞಾನದ ವಿದ್ಯಾರ್ಥಿಗಳಿಗೂ ಉಪಯೋಗವಾಗುವ ಗಣಿತದ ಪಠ್ಯವೊಂದನ್ನು ಅವರು ಸಹೋದ್ಯೋಗಿಗಳೊಡನೆ 1957ರಲ್ಲಿ ಹೊರತಂದರು.

ಆಗ ಕಂಪ್ಯೂಟರ್ ದೂರದ ವಸ್ತು. ಡಾರ್ಟ್‌ಮತ್‌ನವರ ಲೆಕ್ಕ ಮಾಡುತ್ತಿದ್ದ ಯಂತ್ರ ಬಾಸ್ಟನ್ ಬಳಿಯ ಎಂಐಟಿಯಲ್ಲಿತ್ತು. ಸಹೋದ್ಯೋಗಿ ಥಾಮಸ್ ಕುರ್ಟ್ಜ್ ಅವರು ಕಾರ್ಡುಗಳ ಪೆಟ್ಟಿಗೆ ಹಿಡಿದು ರೈಲಿನಲ್ಲಿ ಹೋಗಿ ಬರುತ್ತಿದ್ದರು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೊಂದು ಪ್ರಯಾಣ. ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಪ್ಯೂಟರ್ ಬಳಸಬೇಕೆಂಬ ವಿಚಾರ ಮುಂದಿಟ್ಟವರು ಕುರ್ಟ್ಜ್. ಕೆಮೆನಿ ಅದಕ್ಕೆ ಬೆನ್ನೆಲುಬಾಗಿ ನಿಂತರು.

ಎದುರಿಗೆ ಎರಡು ಅಡ್ಡಿಗಳಿದ್ದವು. ಯಂತ್ರ ಒಂದು, ವಿದ್ಯಾರ್ಥಿಗಳು ನೂರಾರು. ಅದಕ್ಕೆ ಉತ್ತರ ಸಮಯ ಹಂಚಿಕೆ: ಯಂತ್ರ ಒಬ್ಬರ ಕೆಲಸವನ್ನು ಕ್ಷಣಕಾಲ ಮಾಡಿ, ಮುಂದಿನವರ ಕಡೆಗೆ ತಿರುಗುತ್ತದೆ. ಸರದಿ ಎಷ್ಟು ಬೇಗ ಬರುತ್ತದೆಂದರೆ ಪ್ರತಿಯೊಬ್ಬರಿಗೂ ಯಂತ್ರ ತನ್ನದೇ ಅನಿಸುತ್ತದೆ. ಎರಡನೆಯದು ಭಾಷೆ. ಇದ್ದ ಫೋರ್ಟ್ರಾನ್, ಆಲ್ಗಾಲ್ ಭಾಷೆಗಳು ಹೊಸಬರಿಗೆ ಕಷ್ಟ. ಹಾಗಾಗಿ ಪ್ರಿಂಟ್, ಲೆಟ್, ಇಫ್, ಗೋಟು ಮುಂತಾದ ದಿನಬಳಕೆಯ ಇಂಗ್ಲಿಷ್ ಪದಗಳ, ಬೆರಳೆಣಿಕೆಯ ಆಜ್ಞೆಗಳ ಭಾಷೆಯೊಂದನ್ನು ರೂಪಿಸಿದರು. ಅದೇ ಬೇಸಿಕ್. ಆ ವ್ಯವಸ್ಥೆಯ ಬಹುಪಾಲು ಪ್ರೋಗ್ರಾಮುಗಳನ್ನು ಬರೆದವರು ಪದವಿ ವಿದ್ಯಾರ್ಥಿಗಳು ಎಂಬುದು ನಮಗೆ ಮುಖ್ಯ. ಶಿಕ್ಷಕರು ಮಕ್ಕಳನ್ನು ನಂಬಿದ್ದರು. 1964ರ ಮೇ 1ರ ಬೆಳಗಿನ ಜಾವ ನಾಲ್ಕಕ್ಕೆ ಎರಡು ಟೈಪ್‌ರೈಟರ್ ಯಂತ್ರಗಳಿಂದ ಒಟ್ಟಿಗೇ ಆಜ್ಞೆ ಕೊಟ್ಟರು. ಎರಡಕ್ಕೂ ಸರಿಯುತ್ತರ ಬಂತು.

ಬೋಧನೆಯ ಕ್ರಮವೂ ಹೊಸದು. ಎರಡು ಮೂರು ಉಪನ್ಯಾಸ, ಆಮೇಲೆ ವಿದ್ಯಾರ್ಥಿಗಳು ತಾವೇ ಯಂತ್ರದ ಮುಂದೆ. ತಪ್ಪು ಮಾಡಿದರೆ ಯಂತ್ರ ಆಗಲೇ ತಿಳಿಸುತ್ತದೆ, ತಿದ್ದಿಕೊಂಡು ಮುಂದೆ ಹೋಗಬಹುದು. ಕಂಪ್ಯೂಟರ್ ಕೇಂದ್ರ ಗ್ರಂಥಾಲಯದಂತೆ ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿತ್ತು. ಸುತ್ತಲಿನ ಪ್ರೌಢಶಾಲೆಗಳನ್ನೂ ಟೆಲಿಫೋನ್ ತಂತಿಯ ಮೂಲಕ ಅದಕ್ಕೆ ಜೋಡಿಸಿದರು. ಬೇಸಿಕ್ ಭಾಷೆಯನ್ನು ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟರು. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಅದನ್ನು ಸಣ್ಣ ಯಂತ್ರಕ್ಕೆ ಇಳಿಸಿದರು. ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರಗಳಲ್ಲೂ ಇದ್ದದ್ದು ಬೇಸಿಕ್ಕೇ. 1991ರಲ್ಲಿ ಅದು ವಿಷುವಲ್ ಬೇಸಿಕ್ ಆಗಿ ವಿಂಡೋಸ್‌ಗೆ ಬಂತು.

1970ರಲ್ಲಿ ಕೆಮೆನಿಯವರು ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷರಾದರು. 1981ರವರೆಗೆ ಆ ಹುದ್ದೆಯಲ್ಲಿದ್ದರೂ ತರಗತಿಗೆ ಹೋಗಿ ಪಾಠ ಮಾಡುವುದನ್ನು ಬಿಡಲಿಲ್ಲ. ಅವರ ಕಾಲದಲ್ಲೇ, 1972ರಲ್ಲಿ, ಗಂಡುಮಕ್ಕಳಿಗಷ್ಟೇ ಮೀಸಲಾಗಿದ್ದ ಆ ಕಾಲೇಜು ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1979ರಲ್ಲಿ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತದ ತನಿಖಾ ಆಯೋಗಕ್ಕೆ ಅವರೇ ಅಧ್ಯಕ್ಷರು. 1992ರ ಡಿಸೆಂಬರ್ 26ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೇಸಿಕ್‌ಗೆ ದೋಷಗಳೂ ಇದ್ದವು. ಗೋಟು ಆಜ್ಞೆಯನ್ನು ಬೇಕಾಬಿಟ್ಟಿ ಬಳಸಿದರೆ ಪ್ರೋಗ್ರಾಂ ಗೋಜಲಾಗುತ್ತದೆ ಎಂದು ವಿದ್ವಾಂಸರು ಕಟುವಾಗಿ ಟೀಕಿಸಿದರು. ಬೇರೆಯವರು ತಮ್ಮ ಭಾಷೆಯನ್ನು ಕೆಡಿಸಿದ್ದಾರೆಂದು ಬೇಸರಪಟ್ಟ ಕೆಮೆನಿ ಮತ್ತು ಕುರ್ಟ್ಜ್ ಅವರೇ 1980ರ ದಶಕದಲ್ಲಿ ಟ್ರೂ ಬೇಸಿಕ್ ಎಂಬ ತಿದ್ದಿದ ರೂಪ ತಂದರು. ನಾನು ಕಂಡುಕೊಂಡ ವಿಷುವಲ್ ಬೇಸಿಕ್ 6ಕ್ಕೂ 2008ರಲ್ಲೇ ತಯಾರಕರ ಬೆಂಬಲ ನಿಂತಿದೆ. ಉದ್ಯೋಗಕ್ಕೆ ಅದನ್ನೇ ಕಲಿಯಿರಿ ಎಂದು ನಾನು ಹೇಳಲಾರೆ. ಮೊದಲ ಮೆಟ್ಟಿಲಾಗಿ ಮಾತ್ರ ಅದು ಇಂದಿಗೂ ಗಟ್ಟಿ.

ಮುಂದಿನ ವಾರ ಅದೇ ತರಗತಿಗೆ ಮತ್ತೆ ಪಾಠ ಮಾಡಿದೆ. ಈ ಸಲ ಮಾತು ಹತ್ತು ನಿಮಿಷ. ಆರು ಯಂತ್ರ, ಆರು ಗುಂಪು. ಪ್ರತಿಯೊಬ್ಬರಿಗೂ ಸರದಿ, ಸಮಯ ಹಂಚಿಕೆ! ಹತ್ತಿಯ ತೂಕ ಎಷ್ಟು ಕ್ವಿಂಟಲ್, ದರ ಎಷ್ಟು, ಹಮಾಲಿ ಕಳೆದು ಕೈಗೆ ಬರುವ ಹಣ ಎಷ್ಟು ಎಂಬುದೇ ಪ್ರೋಗ್ರಾಂ. ಮನೆಯಲ್ಲಿ ಅಪ್ಪ ಮಾಡುವ ಲೆಕ್ಕವಾದ್ದರಿಂದ ಯಾರೂ ಅರ್ಥ ಕೇಳಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಂಕಿಯ ಬದಲು ಅಕ್ಷರ ಒತ್ತಿದಳು. ಯಂತ್ರ ತಪ್ಪು ತೋರಿಸಿ ನಿಂತಿತು. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ನನ್ನ ಕೈ ಕೀಲಿಮಣೆಯ ಕಡೆಗೆ ಹೋಗಿತ್ತು. ಕಷ್ಟಪಟ್ಟು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡೆ. ಎರಡು ನಿಮಿಷದ ಮೌನದ ನಂತರ ಅವಳೇ ತಿದ್ದಿದಳು. ಆಮೇಲೆ ಪಕ್ಕದ ಗುಂಪಿಗೂ ಹೇಳಿಕೊಟ್ಟಳು. ಕೊನೆಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಅವಳ ಹೆಸರು ತಂತಿಯಲ್ಲಿ ಹೋಗಿ ಕಾಣಿಸಿಕೊಂಡಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು.

ಪಾಠ ಕುಂದಿಲ್ಲದ್ದಾಗಿರಲಿಲ್ಲ. ಎರಡು ಗುಂಪುಗಳ ಸರದಿ ಅರ್ಧಕ್ಕೇ ನಿಂತಿತು, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ಆದರೆ ಕೆಂಪು ಗೆರೆ ಬಿದ್ದಿದ್ದ ಆ ಕಾಲಂ ಈ ಸಲ ತುಂಬಿತ್ತು. ಬೋಧನಾಭ್ಯಾಸಕ್ಕೆ ಹೋಗಲಿರುವ ಗೆಳೆಯ ಗೆಳತಿಯರು ಒಂದು ಕೆಲಸ ಮಾಡಿ ನೋಡಬಹುದು: ಪಾಠಯೋಜನೆ ಬರೆದ ಮೇಲೆ, ಉಪಕರಣ ಎಷ್ಟು ನಿಮಿಷ ನಿಮ್ಮ ಕೈಯಲ್ಲಿರುತ್ತದೆ, ಎಷ್ಟು ನಿಮಿಷ ಮಕ್ಕಳ ಕೈಯಲ್ಲಿರುತ್ತದೆ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಕೆಮೆನಿಯವರ ಬದುಕಿನಿಂದ ನಾನು ತಂದುಕೊಂಡ ಲೆಕ್ಕ ಇಷ್ಟೇ.